ಆರ್ಮಾ, ಸ್ಕ್ವಾಡ್, ಹೆಲ್ ಲೆಟ್ ಲೂಸ್, ಸ್ಯಾಂಡ್‌ಸ್ಟಾರ್ಮ್: ಆಟಗಾರರ ಅಭಿಪ್ರಾಯ ಓದಿ ಗೇಮ್ ಆರಿಸುವ ಬಗೆ

"ನಿಜವಾದ ಯುದ್ಧದ ಹಾಗೇ ಇದೆ" ಎಂಬ ಹೊಗಳಿಕೆ, "ಅರ್ಧ ಗಂಟೆ ಓಡಿ, ಎರಡು ಸೆಕೆಂಡಿನಲ್ಲಿ ಸತ್ತೆ" ಎಂಬ ದೂರು, ಎರಡೂ ಒಂದೇ ಗೇಮ್‌ನ ಕೆಳಗೆ ಒಂದರ ಪಕ್ಕ ಒಂದು ಕಾಣಿಸುತ್ತವೆ. ಬರೆದ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಸೇನೆಯ ಹೋರಾಟವನ್ನು ನಿಜದಂತೆ ತೋರಿಸಲು ಹೊರಟ ಈ ಬಗೆಯ ಒಂದೊಂದು ಶೂಟಿಂಗ್ ಗೇಮ್ ಯುದ್ಧದ ಒಂದೊಂದು ಮುಖವನ್ನು ಮಾತ್ರ ಗಟ್ಟಿಯಾಗಿ ಹಿಡಿದು, ಉಳಿದದ್ದನ್ನು ಸಡಿಲ ಬಿಟ್ಟಿದೆ. ಆರ್ಮಾ ಹಿಡಿದಿರುವುದು ದೂರವನ್ನು. ಸ್ಕ್ವಾಡ್‌ನದು ಮಾತುಕತೆ. ಹೆಲ್ ಲೆಟ್ ಲೂಸ್‌ನದು ಮುಂಚೂಣಿ ಮತ್ತು ಸರಬರಾಜು. ಇನ್ಸರ್ಜೆನ್ಸಿ ಸ್ಯಾಂಡ್‌ಸ್ಟಾರ್ಮ್‌ನದು ಬಂದೂಕು, ಬಾಗಿಲು, ಮೂಲೆ. ಹಾಗಾಗಿ "ಯಾವುದು ಹೆಚ್ಚು ರಿಯಲಿಸ್ಟಿಕ್" ಎಂದು ಹುಡುಕುತ್ತಾ ಹೋದರೆ ಗೊಂದಲವೇ ಗತಿ. ಯಾವ ಕಷ್ಟವನ್ನು ನೀವು ಖುಷಿಯಿಂದ ಸಹಿಸುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ. ಆಮೇಲೆ ರಿವ್ಯೂಗಳು ತಾವಾಗಿಯೇ ಅರ್ಥವಾಗತೊಡಗುತ್ತವೆ.

ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ರಿವ್ಯೂ ಓದುವಾಗ ಹೆಸರಿನ ಪಕ್ಕದ ಆಟದ ಗಂಟೆಗಳನ್ನು ಮೊದಲು ನೋಡಿ. ಮೂರು ಗಂಟೆ ಆಡಿದವನ "ನಾಟ್ ರೆಕಮೆಂಡೆಡ್" ಸಾಮಾನ್ಯವಾಗಿ ಕಲಿಕೆಯ ಗೋಡೆಯ ಬಗ್ಗೆ ಇರುತ್ತದೆ. ಆ ಗೋಡೆ ನಿಮಗೂ ಎದುರಾಗುವುದರಿಂದ ಅದನ್ನು ತಳ್ಳಿಹಾಕಬೇಡಿ. ಸಾವಿರ ಗಂಟೆ ದಾಟಿದವನ ಕೆಂಪು (ಬೇಡವೆನ್ನುವ) ರಿವ್ಯೂ ಹೆಚ್ಚಾಗಿ ಒಂದು ನಿರ್ದಿಷ್ಟ ಅಪ್‌ಡೇಟ್‌ನ ಮೇಲಿನ ಸಿಟ್ಟು. ಅಂಥದ್ದರ ದಿನಾಂಕ ನೋಡಿ, ಆ ಬದಲಾವಣೆ ಈಗಲೂ ಗೇಮ್‌ನಲ್ಲಿ ಇದೆಯೇ ಎಂದು ಪರೀಕ್ಷಿಸಿ. ಒಟ್ಟು ಶೇಕಡಾವಾರಿಗಿಂತ ಕಳೆದ 30 ದಿನಗಳ ರಿವ್ಯೂಗಳು ಹೆಚ್ಚು ಉಪಯುಕ್ತ. ಈ ಗೇಮ್‌ಗಳು ಅಪ್‌ಡೇಟ್‌ಗಳಿಂದ ಆಗಾಗ ತಮ್ಮ ಸ್ವಭಾವವನ್ನೇ ಬದಲಿಸಿಕೊಳ್ಳುತ್ತವೆ.

ಆರ್ಮಾ 3: ಗೇಮ್‌ಗಿಂತ ಹೆಚ್ಚಾಗಿ ಒಂದು ವೇದಿಕೆ

ಜೆಕ್ ದೇಶದ ಬೊಹೀಮಿಯಾ ಇಂಟರಾಕ್ಟಿವ್ 2013ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆ ಮಾಡಿದ ಈ ಗೇಮ್ ಇಷ್ಟು ವರ್ಷವಾದರೂ ಬದುಕಿರುವುದು ಮಾಡ್‌ಗಳಿಂದ, ಅಂದರೆ ಆಟಗಾರರೇ ತಯಾರಿಸಿ ಸೇರಿಸುವ ಹೆಚ್ಚುವರಿಗಳಿಂದ. ಮುಖ್ಯ ಭೂಪಟ ಆಲ್ಟಿಸ್ ಸುಮಾರು 270 ಚದರ ಕಿಲೋಮೀಟರ್ ಇದೆ. ಗ್ರೀಸಿನ ಲೆಮ್ನೋಸ್ ದ್ವೀಪವೇ ಅದಕ್ಕೆ ಮಾದರಿ. ಇಲ್ಲಿ 600 ಮೀಟರ್ ದೂರದ ಶತ್ರು ಪರದೆಯ ಮೇಲೆ ನಾಲ್ಕು ಚುಕ್ಕೆಯಷ್ಟೇ ಕಾಣುತ್ತಾನೆ. ಗುಂಡು ತಲುಪಲು ಸಮಯ ಹಿಡಿಯುತ್ತದೆ, ದೂರ ಹೆಚ್ಚಿದಂತೆ ಕೆಳಗೆ ಬೀಳುತ್ತದೆ, ಸ್ಕೋಪ್‌ನ ಜೀರೋ (ಗುರಿಯ ದೂರಕ್ಕೆ ಹೊಂದಿಸುವ ಅಳತೆ) ಬದಲಿಸದಿದ್ದರೆ ಗುರಿ ತಪ್ಪುತ್ತದೆ. ಅಭಿಮಾನಿಗಳು ಇದಕ್ಕೇ ಮನಸೋತದ್ದು, ಹೊಸಬರು ಇದಕ್ಕೇ ಓಡಿಹೋಗುವುದು.

"ಕಂಟ್ರೋಲ್‌ಗಳು ಒರಟು" ಎಂಬುದು ಹೊಸಬರ ಸಾಮಾನ್ಯ ದೂರು. ಅದರಲ್ಲಿ ಅರ್ಧ ಸತ್ಯ. ಕಂಟ್ರೋಲ್ ಕೀ ಒತ್ತಿ ಡಬ್ಲ್ಯೂ ಅಥವಾ ಎಸ್ ಒತ್ತಿದರೆ ನಿಲುವು ಸ್ವಲ್ಪ ಸ್ವಲ್ಪವೇ ಏರುತ್ತದೆ, ಇಳಿಯುತ್ತದೆ. ಕಂಟ್ರೋಲ್ ಜೊತೆಗೇ ಎ, ಡಿ ಒತ್ತಿದರೆ ಪಕ್ಕಕ್ಕೆ ಬಾಗುತ್ತೀರಿ. ಆಲ್ಟ್ ಹಿಡಿದರೆ ಬಂದೂಕು ನೇರ ಇರುವಾಗಲೇ ತಲೆ ತಿರುಗುತ್ತದೆ. ಸಿ ಒತ್ತಿದರೆ ಗೋಡೆಯ ಮೇಲೆ ಬಂದೂಕು ಊರಿ ಅಲುಗಾಟ ತಗ್ಗಿಸಬಹುದು. ಈ ನಾಲ್ಕನ್ನು ಎರಡು ಸಂಜೆ ಅಭ್ಯಾಸ ಮಾಡಿದರೆ ಒರಟುತನದ ಬಹುಪಾಲು ಮಾಯ. ಉಳಿದ ಅರ್ಧ, ಅಂದರೆ ಮೆಟ್ಟಿಲ ಮೇಲೆ ಸಿಕ್ಕಿಹಾಕಿಕೊಳ್ಳುವುದು, ಮನೆಯೊಳಗಿನ ಹೋರಾಟದಲ್ಲಿ ಬಾಟ್‌ಗಳ (ಕಂಪ್ಯೂಟರ್ ಆಡಿಸುವ ಸೈನಿಕರ) ಪೆದ್ದುತನ, ಇವು ನಿಜವಾದ ದೋಷಗಳೇ. ಅಭ್ಯಾಸದಿಂದ ಹೋಗುವಂಥವಲ್ಲ.

ಗೇಮ್ ನಡೆಯುವುದು 2035ರಲ್ಲಿ. ಹಾಗಾಗಿ ಮೂಲ ಬಂದೂಕುಗಳು ಕಾಲ್ಪನಿಕವಾಗಿ ಕಾಣುತ್ತವೆ. ಎಕೆ-74, ಎಂ4 ಬೇಕೆಂದವರು ಆರ್‌ಎಚ್‌ಎಸ್ ಅಥವಾ ಸಿಯುಪಿ ಮಾಡ್ ಹಾಕಿಕೊಳ್ಳುತ್ತಾರೆ. ನಿಜವಾದ ಆಳ ತರುವುದು ಏಸ್ 3 ಎಂಬ ಮಾಡ್. ಗಾಯಕ್ಕೆ ಬ್ಯಾಂಡೇಜ್ ಕಟ್ಟಿದರೂ ಅದು ಮತ್ತೆ ಬಿಚ್ಚಿಕೊಳ್ಳಬಹುದು. ರಕ್ತ ಹೋದವನಿಗೆ 250, 500 ಅಥವಾ 1000 ಮಿಲಿಲೀಟರ್ ಸಲೈನ್ ಏರಿಸಬೇಕು. ಮಾರ್ಫಿನ್ ನೋವು ತಗ್ಗಿಸುವ ಜೊತೆ ಹೃದಯ ಬಡಿತವನ್ನೂ ಇಳಿಸುತ್ತದೆ, ಎಪಿನೆಫ್ರಿನ್ ಏರಿಸುತ್ತದೆ. ಹೊಸ ಮೆಡಿಕ್‌ಗಳು ಮಾಡುವ ಎರಡು ತಪ್ಪುಗಳು ಯಾವಾಗಲೂ ಒಂದೇ: ಟೂರ್ನಿಕೆಟ್ (ರಕ್ತ ಹರಿಯದಂತೆ ಬಿಗಿಯುವ ಪಟ್ಟಿ) ಕಟ್ಟಿದ ಕೈಗೇ ಔಷಧ ಚುಚ್ಚಿ ಕೆಲಸ ಮಾಡಲಿಲ್ಲ ಎಂದು ಗಾಬರಿಯಾಗುವುದು, ಮತ್ತು ರಕ್ತ ಕಡಿಮೆಯಿರುವವನಿಗೆ ಒಂದರ ಮೇಲೊಂದು ಮಾರ್ಫಿನ್ ಕೊಟ್ಟು ಸಾಯಿಸುವುದು. ಮೊದಲು ರಕ್ತಸ್ರಾವ ನಿಲ್ಲಿಸಿ, ನಂತರ ಟೂರ್ನಿಕೆಟ್ ಬಿಚ್ಚಿ, ಆಮೇಲೆ ಸಲೈನ್. ನೋವಿನ ಔಷಧ ಕೊನೆಗೆ.

ಸರ್ವರ್ ಸೇರಲಾಗದಿರುವುದು ಇನ್ನೊಂದು ದೊಡ್ಡ ದೂರು. ಕಾರಣ ಹೆಚ್ಚಾಗಿ ಮಾಡ್‌ಗಳ ಆವೃತ್ತಿ ಹೊಂದದಿರುವುದು, ಅಥವಾ ಸರ್ವರ್ ಒಪ್ಪದ ಹೆಚ್ಚುವರಿ ಮಾಡ್ ಒಂದು ನಿಮ್ಮಲ್ಲಿ ಚಾಲೂ ಇರುವುದು. ನೀವು ಸೇರಿದ ಗುಂಪು ಕೊಟ್ಟ ಪ್ರೀಸೆಟ್ (ಮಾಡ್‌ಗಳ ಪಟ್ಟಿ) ಫೈಲನ್ನು ಗೇಮ್ ತೆರೆಯುವ ಲಾಂಚರ್‌ಗೆ ಹಾಕಿ, ಉಳಿದೆಲ್ಲ ಮಾಡ್ ಆಫ್ ಮಾಡಿ ಸೇರಿ. ರೇಡಿಯೋ ಮಾಡ್‌ಗಳಾದ ಟಿಎಫ್‌ಎಆರ್, ಏಕರ್ 2 ಬಳಸುವ ಗುಂಪುಗಳಿಗೆ ಟೀಮ್‌ಸ್ಪೀಕ್ ಎಂಬ ಧ್ವನಿ ಸಂವಾದದ ಆ್ಯಪ್ ಮತ್ತು ಅದರ ಪ್ಲಗ್‌ಇನ್ ಕೂಡ ಬೇಕು. ಮೊದಲ ಆಪರೇಷನ್ (ಗುಂಪು ಒಟ್ಟಿಗೆ ಆಡುವ ಮಿಷನ್) ದಿನ ಒಂದು ಗಂಟೆ ಮುಂಚೆ ಇದನ್ನೆಲ್ಲ ಪರೀಕ್ಷಿಸದವರು ಆ ರಾತ್ರಿ ಆಡುವುದೇ ಇಲ್ಲ.

ಇದನ್ನು ಯಾರಿಗೆ ಹೇಳಬಹುದು? ವಾರಕ್ಕೊಂದು ದಿನ ಮೂರು ಗಂಟೆ ಬಿಡುವು, ಸೇರಲು ಒಂದು ಗುಂಪು ಇರುವವರಿಗೆ. ಒಬ್ಬರೇ ಆಡುವವರಿಗೂ ಗೇಮ್‌ನೊಳಗಿನ ಈಡನ್ ಎಡಿಟರ್‌ನಲ್ಲಿ ತಮ್ಮದೇ ಮಿಷನ್ ಕಟ್ಟುವ ಸುಖ ಇದೆ. ಆಂಟಿಸ್ಟಾಸಿ ಮಾಡ್‌ನಲ್ಲಿ ನಾಲ್ಕು ಜನ ಸೇರಿ ಗೆರಿಲ್ಲಾಗಳಾಗಿ ಇಡೀ ದ್ವೀಪ ಗೆಲ್ಲಬಹುದು. 2017ರ ಲಾಸ್ ಆಫ್ ವಾರ್ ಡಿಎಲ್‌ಸಿ (ಬೇರೆಯಾಗಿ ಮಾರುವ ಹೆಚ್ಚುವರಿ ಭಾಗ) ಬಗ್ಗೆ ಆಟಗಾರರು ಇಂದಿಗೂ ಗೌರವದಿಂದ ಮಾತಾಡುತ್ತಾರೆ. ನೆಲಬಾಂಬು, ಕ್ಲಸ್ಟರ್ ಬಾಂಬುಗಳು ನಾಗರಿಕರ ಪಾಲಿಗೆ ಏನು ಎಂಬುದನ್ನು ಕಥೆಯೊಳಗೆ ತಂದದ್ದು ಈ ಪ್ರಕಾರದಲ್ಲಿ ಅಪರೂಪ. ಅದರ ಆದಾಯದ ಒಂದು ಭಾಗ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಗೆ ಹೋಯಿತು.

ಇಲ್ಲೊಂದು ಮಾತು ಸೇರಿಸಲೇಬೇಕು. ಆರ್ಮಾ 3ರ ದೃಶ್ಯಗಳನ್ನು ನಿಜವಾದ ಯುದ್ಧದ ವಿಡಿಯೋ ಎಂದು ಹಂಚುವ ಚಾಳಿ ಹಳೆಯದು. 2022ರಲ್ಲಿ ಬೊಹೀಮಿಯಾ ಈ ಬಗ್ಗೆ ಹೇಳಿಕೆಯನ್ನೇ ಕೊಟ್ಟಿತು. 2025ರ ಮೇ ತಿಂಗಳ ಭಾರತ–ಪಾಕಿಸ್ತಾನ ಸಂಘರ್ಷದ ವೇಳೆಯೂ ಇಂಥ ತುಣುಕುಗಳು ನಮ್ಮ ವಾಟ್ಸಾಪ್ ಗುಂಪುಗಳವರೆಗೆ ಹರಿದಾಡಿದವು. ಈ ಗೇಮ್ ಆಡುವವರು ಅದನ್ನು ಬೇಗ ಗುರುತಿಸಬಲ್ಲರು: ಟ್ರೇಸರ್ (ಹೊಳೆಯುತ್ತಾ ಸಾಗುವ) ಗುಂಡುಗಳು ಸಾಲಾಗಿ ಒಂದೇ ಅಂತರದಲ್ಲಿ ಹೋಗುತ್ತವೆ, ಸ್ಫೋಟದ ಹೊಗೆ ಒಂದೇ ಆಕಾರದಲ್ಲಿ ಮತ್ತೆ ಮತ್ತೆ ಬರುತ್ತದೆ, ಜನರ ಧ್ವನಿ ಎಲ್ಲೂ ಕೇಳುವುದಿಲ್ಲ. ಗೊತ್ತಿರುವವರು ಗುಂಪಿನಲ್ಲಿ ಹೇಳಿಬಿಡುವುದು ಒಳ್ಳೆಯದು.

ಆರ್ಮಾ ರಿಫೋರ್ಜರ್: ಅದೇ ಮನೆತನ, ಬೇರೆ ಸ್ವಭಾವ

"ಆರ್ಮಾ 3 ತಗೊಳ್ಳಲೋ ರಿಫೋರ್ಜರ್ ತಗೊಳ್ಳಲೋ" ಎಂಬ ಪ್ರಶ್ನೆಗೆ ಹೊಸದೇ ಒಳ್ಳೆಯದು ಎಂದು ಕಣ್ಣುಮುಚ್ಚಿ ಹೇಳುವಂತಿಲ್ಲ. 2022ರ ಮೇನಲ್ಲಿ ಅರ್ಲಿ ಆಕ್ಸೆಸ್‌ಗೆ (ತಯಾರಿಕೆ ಮುಗಿಯುವ ಮುನ್ನದ ಮಾರಾಟ) ಬಂದು 2023ರ ನವೆಂಬರ್‌ನಲ್ಲಿ ಪೂರ್ಣ ಬಿಡುಗಡೆಯಾದ ರಿಫೋರ್ಜರ್, ಎನ್‌ಫ್ಯೂಷನ್ ಎಂಜಿನ್ ಮೇಲೆ ನಿಂತಿದೆ. 2027ಕ್ಕೆಂದು ಘೋಷಿಸಿರುವ ಆರ್ಮಾ 4ರ ದಾರಿಗೆ ಇದು ಸೇತುವೆ. ಕಾಲ 1989ರ ಶೀತಲ ಸಮರ. ಎವೆರಾನ್ ದ್ವೀಪ ಸುಮಾರು 51 ಚದರ ಕಿಲೋಮೀಟರ್. ನಡಿಗೆ, ಬಂದೂಕು ಹಿಡಿಯುವ ರೀತಿ, ಬೆಳಕು, ಎಲ್ಲದರಲ್ಲೂ ಹಳೆಯದನ್ನು ಮೀರಿಸಿದೆ.

ಆದರೆ ಇದರ ಜೀವ ಇರುವುದು ಕಾನ್‌ಫ್ಲಿಕ್ಟ್ ಎಂಬ ಆಟಗಾರ-ವಿರುದ್ಧ-ಆಟಗಾರ ಮೋಡ್‌ನಲ್ಲಿ. ರೇಡಿಯೋ ಸಂಪರ್ಕದ ವ್ಯಾಪ್ತಿಯಲ್ಲಿರುವ ನೆಲೆಯನ್ನು ಮಾತ್ರ ವಶಪಡಿಸಿಕೊಳ್ಳಬಹುದು. ಹಾಗಾಗಿ ನೆಲೆಗಳ ಸರಪಳಿಯ ನಡುವಿನ ಒಂದು ಕೊಂಡಿ ತುಂಡಾದರೆ ಮುಂದಿನದೆಲ್ಲ ತತ್ತರಿಸುತ್ತದೆ. ಬಂದೂಕು, ವಾಹನ, ಕಟ್ಟಡ ಎಲ್ಲಕ್ಕೂ ಸಪ್ಲೈ ಬೇಕು. ಅದನ್ನು ಯಾರೋ ಒಬ್ಬರು ಟ್ರಕ್ಕಿನಲ್ಲಿ ತರಲೇಬೇಕು. "ಟ್ರಕ್ ಓಡಿಸುವುದೇ ಆಗೋಯ್ತು" ಎಂದು ದೂರುವವರಿಗೂ "ರಾತ್ರಿ ಲೈಟ್ ಆರಿಸಿ ಟ್ರಕ್ ಓಡಿಸಿದ್ದೇ ಅತ್ಯುತ್ತಮ ಗಳಿಗೆ" ಎನ್ನುವವರಿಗೂ ಕೊರತೆಯಿಲ್ಲ. ಇವರಲ್ಲಿ ನೀವು ಯಾರು ಎಂದು ಗೊತ್ತಾದರೆ ಖರೀದಿಯ ಪ್ರಶ್ನೆ ಅಲ್ಲೇ ಮುಗಿಯಿತು.

ರಿಫೋರ್ಜರ್‌ನಲ್ಲಿ ಒಬ್ಬರೇ ಆಡುವ ದೊಡ್ಡ ಕಥಾಸರಣಿ ನಿರೀಕ್ಷಿಸಬೇಡಿ. ವಿಮಾನ, ಹಡಗು, ನೂರಾರು ಮಿಷನ್‌ಗಳ ಹರಹು ಇನ್ನೂ ಆರ್ಮಾ 3ರದ್ದೇ. ಮತ್ತೊಂದು ಕಡೆ, ಎಕ್ಸ್‌ಬಾಕ್ಸ್ ಮತ್ತು 2024ರ ಡಿಸೆಂಬರ್‌ನಿಂದ ಪಿಎಸ್5ರಲ್ಲೂ ಇರುವುದು, ಕನ್ಸೋಲ್‌ನಲ್ಲೂ ಮಾಡ್ ಹಾಕಲು ಬಿಡುವುದು ಇದರ ಬಲ. ಹೊಸಬರು ಮೊದಲ ದಿನ ಮಾಡುವ ತಪ್ಪು: ಎಂ16ಎ2ನಲ್ಲಿ ಪೂರ್ತಿ ಆಟೋಮ್ಯಾಟಿಕ್ ಹುಡುಕುವುದು. ಅದರಲ್ಲಿರುವುದು ಒಂಟಿ ಗುಂಡು ಮತ್ತು ಮೂರು ಗುಂಡಿನ ಬರ್ಸ್ಟ್ ಮಾತ್ರ.

ಸ್ಕ್ವಾಡ್: ಮೈಕ್ ಇಲ್ಲದಿದ್ದರೆ ಬೇಡವೇ ಬೇಡ

ಬ್ಯಾಟಲ್‌ಫೀಲ್ಡ್ 2ರ ಪ್ರಾಜೆಕ್ಟ್ ರಿಯಾಲಿಟಿ ಮಾಡ್‌ನ ಬಳಗದಿಂದ ಹುಟ್ಟಿದ ಗೇಮ್ ಇದು. ಕೆನಡಾದ ಆಫ್‌ವರ್ಲ್ಡ್ ಇಂಡಸ್ಟ್ರೀಸ್ 2020ರ ಸೆಪ್ಟೆಂಬರ್‌ನಲ್ಲಿ ಪೂರ್ಣ ಬಿಡುಗಡೆ ಮಾಡಿತು. 50 ಜನರ ಎರಡು ತಂಡಗಳು, ಒಂದು ತುಕಡಿಗೆ 9 ಜನ. ಧ್ವನಿಗೆ ಮೂರು ದಾರಿ: ವಿ ಒತ್ತಿದರೆ ಪಕ್ಕದಲ್ಲಿರುವವರಿಗೆ, ಬಿ ಒತ್ತಿದರೆ ತುಕಡಿಗೆ, ಜಿ ಒತ್ತಿದರೆ ತುಕಡಿ ನಾಯಕರು ತಮ್ಮತಮ್ಮಲ್ಲಿ. ಇಲ್ಲಿ ಚೆನ್ನಾಗಿ ಗುರಿ ಹೊಡೆಯುವವನಿಗಿಂತ ಚೊಕ್ಕವಾಗಿ ಮಾತಾಡುವವನಿಗೆ ಬೆಲೆ. "ಅಲ್ಲಿ, ಅಲ್ಲಿ!" ಎಂದು ಕೂಗಿದರೆ ಪ್ರಯೋಜನವಿಲ್ಲ. "ದಿಕ್ಕು 240, 150 ಮೀಟರ್, ಬಿಳಿ ಗೋಡೆಯ ಹಿಂದೆ ಇಬ್ಬರು" ಎಂದರೆ ಒಂಬತ್ತು ಬಂದೂಕು ಒಟ್ಟಿಗೆ ತಿರುಗುತ್ತವೆ.

ಪಂದ್ಯ ಸೋಲುವುದು ಬಹುತೇಕ ಒಂದೇ ಕಾರಣಕ್ಕೆ: ಹ್ಯಾಬ್ (ಸತ್ತವರು ಮರಳಿ ಬರುವ ಕಟ್ಟಡ) ಇಲ್ಲ. ತುಕಡಿ ನಾಯಕ ರೇಡಿಯೋ ನೆಡುತ್ತಾನೆ, ಲಾಜಿ (ಸರಬರಾಜು) ಟ್ರಕ್ಕಿನಿಂದ ಕಟ್ಟಡ ಸಾಮಗ್ರಿ ಇಳಿಯುತ್ತದೆ, 500 ಪಾಯಿಂಟ್ ಖರ್ಚಿನಲ್ಲಿ ಹ್ಯಾಬ್ ಏಳುತ್ತದೆ, ತಂಡವಿಡೀ ಅಲ್ಲಿ ಮತ್ತೆ ಹುಟ್ಟುತ್ತದೆ. ಹೊಸ ನಾಯಕರು ಅದನ್ನು ವಶಪಡಿಸಿಕೊಳ್ಳಬೇಕಾದ ನೆಲೆಯ ನಟ್ಟನಡುವೆ ಕಟ್ಟುತ್ತಾರೆ. ಶತ್ರುಗಳು ಹತ್ತಿರ ಬಂದೊಡನೆ ಅದು ಬಂದ್ ಆಗುತ್ತದೆ. ಸ್ವಲ್ಪ ಪಕ್ಕಕ್ಕೆ, ದಿಬ್ಬದ ಮರೆಯಲ್ಲಿ, ಟ್ರಕ್ ತಲುಪಬಲ್ಲ ಕಡೆ ಇರಬೇಕು. ರೇಡಿಯೋ ಕಳೆದುಕೊಂಡರೆ ಟಿಕೆಟ್‌ಗಳೂ (ಮುಗಿದರೆ ತಂಡ ಸೋಲುವ ಅಂಕಗಳು) ಹೋಗುತ್ತವೆ. ಟ್ರಕ್ಕನ್ನು ಇಳಿಸಿದ ಜಾಗದಲ್ಲೇ ಬಿಟ್ಟು ಓಡುವವನನ್ನು ಅನುಭವಿಗಳು ಬೈಯುವುದು ಸುಮ್ಮನೆ ಅಲ್ಲ. ಆ ಟ್ರಕ್ ಇಲ್ಲದೆ ಎರಡನೆಯ ಹ್ಯಾಬ್ ಇಲ್ಲ.

ಆಟಗಾರರ ಅಭಿಪ್ರಾಯ ಸೀಳಿಹೋದದ್ದು 2023ರ ಸೆಪ್ಟೆಂಬರ್‌ನ ಇನ್‌ಫೆಂಟ್ರಿ ಕಾಂಬ್ಯಾಟ್ ಓವರ್‌ಹಾಲ್‌ನಿಂದ. ಓಡಿಬಂದ ಕೂಡಲೆ ಬಂದೂಕು ತೂಗಾಡುತ್ತದೆ, ಪಕ್ಕದಲ್ಲಿ ಗುಂಡು ಹಾರಿದರೆ ಕಣ್ಣು ಮಂಜಾಗುತ್ತದೆ, ಗುರಿ ನೆಲೆಗೊಳ್ಳಲು ಕಾಯಬೇಕು. ಒಂದು ಬಣ ಹೇಳುವುದು: ಈಗ ಮಷಿನ್‌ಗನ್‌ಗೆ ಅರ್ಥ ಬಂತು, ಒಬ್ಬ ವೀರ ಒಂಬತ್ತು ಜನರನ್ನು ಹೊಡೆಯುವ ಕಾಲ ಹೋಯಿತು. ಇನ್ನೊಂದು ಬಣ ಹೇಳುವುದು: ತರಬೇತಿ ಪಡೆದ ಸೈನಿಕ ಹೀಗೆ ಕುಡಿದವನಂತೆ ಬಂದೂಕು ಹಿಡಿಯುವುದಿಲ್ಲ. ನಮ್ಮ ತೀರ್ಮಾನ ಮೊದಲ ಬಣದ ಕಡೆಗೇ ವಾಲುತ್ತದೆ. ತೂಗಾಟ ಅತಿಯಾದದ್ದು ನಿಜ, ಆದರೆ ಅದರಿಂದ ತುಕಡಿ ಒಟ್ಟಿಗೆ ಚಲಿಸುವುದು ಅನಿವಾರ್ಯವಾಯಿತು, ಮತ್ತು ಸ್ಕ್ವಾಡ್ ಎಂಬ ಗೇಮ್ ಇರುವುದೇ ಅದಕ್ಕೆ. ತಯಾರಕರು ನಂತರವೂ ಇದನ್ನು ತಿದ್ದುತ್ತಲೇ ಬಂದಿದ್ದಾರೆ. ಹಳೆಯ ರಿವ್ಯೂದಲ್ಲಿ ಈ ದೂರು ಕಂಡರೆ ಇತ್ತೀಚಿನದರ ಜೊತೆ ಹೋಲಿಸಿ. 2025ರಲ್ಲಿ ಅನ್‌ರಿಯಲ್ ಎಂಜಿನ್ 5ಕ್ಕೆ ದಾಟಿದ ಮೇಲಿನ ರಿವ್ಯೂಗಳನ್ನು ಓದುವಾಗ, ಬರೆದವರ ಗ್ರಾಫಿಕ್ಸ್ ಕಾರ್ಡ್ ಯಾವುದು ಎಂಬುದೇ ಮುಖ್ಯ ಮಾಹಿತಿ.

ಹೆಲ್ ಲೆಟ್ ಲೂಸ್

ಎರಡನೆಯ ಮಹಾಯುದ್ಧದ ಈ ಗೇಮ್ 2021ರ ಜುಲೈನಲ್ಲಿ ಪೂರ್ಣ ರೂಪ ಪಡೆಯಿತು. ಇಲ್ಲೂ 50 ವಿರುದ್ಧ 50, ಆದರೆ ತುಕಡಿಗೆ 6 ಜನ, ಟ್ಯಾಂಕಿಗೆ 3, ರೀಕಾನ್ (ಬೇಹು) ತುಕಡಿಗೆ 2. ವಾರ್‌ಫೇರ್ ಮೋಡ್‌ನಲ್ಲಿ ಐದು ನೆಲೆಗಳಿಗಾಗಿ 90 ನಿಮಿಷದವರೆಗೆ ಎಳೆದಾಟ. ಕೈಯಲ್ಲಿರುವುದು ಹೆಚ್ಚಾಗಿ ಆ ಕಾಲದ ರೈಫಲ್. ಹೆಚ್ಚಿನ ಸಲ ಒಂದು ಗುಂಡು ಬಿದ್ದರೆ ಸಾವು. ಕಾರೆಂಟಾನ್ ಬೀದಿಗಳಲ್ಲೋ ಫಾಯ್ ಹಿಮದಲ್ಲೋ ಫಿರಂಗಿ ಬೀಳುವಾಗಿನ ಸದ್ದಿಗೆ ಸಾಟಿಯಾದ ಗೇಮ್ ಈ ಪಟ್ಟಿಯಲ್ಲಿ ಇಲ್ಲ.

"ಓಡುವ ಆಟ" ಎಂಬ ಬಿರುದು ಇದಕ್ಕೇ ಹೆಚ್ಚು ಅಂಟಿದೆ. ಅದರ ಮೂಲ ಗ್ಯಾರಿಸನ್ (ತಂಡ ಮರಳಿ ಹುಟ್ಟುವ ಠಾಣೆ) ಕೊರತೆ. ಸ್ವಂತ ನೆಲದಲ್ಲಿ ಒಂದು ಗ್ಯಾರಿಸನ್‌ಗೆ 50 ಸಪ್ಲೈ, ಶತ್ರು ನೆಲದಲ್ಲಿ 100. ಸಪೋರ್ಟ್ ಪಾತ್ರ ತೆಗೆದುಕೊಂಡವನು ಸಪ್ಲೈ ಪೆಟ್ಟಿಗೆ ಇಡಬೇಕು, ಆಫೀಸರ್ (ತುಕಡಿ ನಾಯಕ) ಗ್ಯಾರಿಸನ್ ಕಟ್ಟಬೇಕು. ಆರು ಜನರ ತುಕಡಿಯಲ್ಲಿ ಯಾರೂ ಸಪೋರ್ಟ್ ತೆಗೆದುಕೊಳ್ಳದಿದ್ದರೆ ಎಲ್ಲರೂ ಓಡಿಯೇ ಸಾಯುತ್ತಾರೆ. ಹಾಗಾಗಿ ಹೊಸಬರಿಗೆ ನಮ್ಮ ಸಲಹೆ ಸ್ಪಷ್ಟ: ಮೊದಲ ಹತ್ತು ಪಂದ್ಯ ಸಪೋರ್ಟ್ ಆಗಿ, ಆಫೀಸರ್‌ನ ಬೆನ್ನಿಗೇ ಅಂಟಿಕೊಂಡಿರಿ, ಕೇಳಿದೊಡನೆ ಪೆಟ್ಟಿಗೆ ಹಾಕಿ. ನಿಮ್ಮ ಗುರಿ ಸರಿಯಿಲ್ಲದಿದ್ದರೂ ಆ ತಂಡಕ್ಕೆ ನೀವೇ ಬೇಕಾದವರು. ಎಂಜಿನಿಯರ್‌ಗಳು ಹಿಂಭಾಗದಲ್ಲಿ ಸಂಪನ್ಮೂಲದ ನೋಡ್‌ಗಳನ್ನು ಕಟ್ಟಿದರೆ ಕಮಾಂಡರ್ ಕೈಗೆ ಟ್ಯಾಂಕು, ಬಾಂಬಿಂಗ್ ಬರುತ್ತವೆ. ಮೊದಲ ಐದು ನಿಮಿಷದಲ್ಲಿ ಅದು ಆಗದಿದ್ದರೆ ಅರ್ಧ ಗಂಟೆಯ ನಂತರ ಅದರ ಫಲ ಉಣ್ಣಬೇಕಾಗುತ್ತದೆ.

ಸ್ಕ್ವಾಡ್‌ಗಿಂತ ಇದು ಕಲಿಯಲು ಸುಲಭ, ವಾಹನ ಕಡಿಮೆ, ಗದ್ದಲ ಹೆಚ್ಚು. ಪಿಎಸ್5, ಎಕ್ಸ್‌ಬಾಕ್ಸ್ ಸೀರೀಸ್‌ಗಳಲ್ಲೂ ಸಿಗುತ್ತದೆ.

ಇನ್ಸರ್ಜೆನ್ಸಿ ಸ್ಯಾಂಡ್‌ಸ್ಟಾರ್ಮ್

ಆಫೀಸಿನಿಂದ ಬಂದು ನಲವತ್ತು ನಿಮಿಷ ಮಾತ್ರ ಇರುವವರಿಗೆ ಇದು. 2018ರ ಡಿಸೆಂಬರ್‌ನಲ್ಲಿ ಪಿಸಿಗೆ ಬಂತು, 2021ರಲ್ಲಿ ಕನ್ಸೋಲ್‌ಗೆ. ಪರದೆಯ ಮೇಲೆ ಗುರಿಯ ಗೀಟು ಇಲ್ಲ, ಉಳಿದ ಗುಂಡಿನ ಎಣಿಕೆಯೂ ಇಲ್ಲ. ಆರ್ ಒತ್ತಿ ಹಿಡಿದರೆ ಮ್ಯಾಗಜೀನ್ ತೂಗಿ ನೋಡುತ್ತೀರಿ. ಎರಡು ಸಲ ಬೇಗ ಒತ್ತಿದರೆ ರೀಲೋಡ್ ವೇಗವಾಗಿ ಆಗುತ್ತದೆ, ಆದರೆ ಅರ್ಧ ತುಂಬಿದ ಮ್ಯಾಗಜೀನ್ ನೆಲಕ್ಕೆ ಬಿದ್ದು ಹೋಗುತ್ತದೆ. ಕಾಲ್ ಆಫ್ ಡ್ಯೂಟಿಯಿಂದ ಬಂದವರು ಅಭ್ಯಾಸಬಲದಿಂದ ಎರಡು ಗುಂಡಿಗೊಮ್ಮೆ ರೀಲೋಡ್ ಮಾಡಿ ಹತ್ತು ನಿಮಿಷದಲ್ಲಿ ಬರಿಗೈಯಾಗುವುದು ಇದರಿಂದಲೇ.

ಐದಾರು ಗೆಳೆಯರು ಕನ್ನಡದಲ್ಲೇ ಮಾತಾಡುತ್ತಾ ಆಡಬೇಕೆಂದಿದ್ದರೆ ಇದರ ಚೆಕ್‌ಪಾಯಿಂಟ್ ಕೋಆಪ್ (ಎಲ್ಲರೂ ಒಂದೇ ತಂಡ) ಅತ್ಯಂತ ಸೂಕ್ತ: 8 ಜನ, ಬಾಟ್‌ಗಳ ವಿರುದ್ಧ, ನೆಲೆಯೊಂದು ವಶವಾದಾಗ ಸತ್ತವರು ಮರಳಿ ಬರುತ್ತಾರೆ. ಕಮಾಂಡರ್ ಫಿರಂಗಿ ಕರೆಸಬೇಕಾದರೆ ರೇಡಿಯೋ ಹೊತ್ತ ಅಬ್ಸರ್ವರ್ ಪಕ್ಕದಲ್ಲೇ ಇರಬೇಕು. ಇಬ್ಬರೂ ಬೇರೆ ಬೇರೆ ಕೋಣೆಗೆ ನುಗ್ಗಿದರೆ ಆ ಸವಲತ್ತು ಶೂನ್ಯ. ಬಾಟ್‌ಗಳು ದೂರದಿಂದ ಒಂದೇ ಗುಂಡಿಗೆ ತಲೆ ಒಡೆಯುತ್ತವೆ ಎಂಬ ದೂರು ವ್ಯಾಪಕ, ಮತ್ತು ನ್ಯಾಯವಾದದ್ದು. ಕಿಟಕಿಯೆದುರು ನಿಲ್ಲದಿರುವುದು, ಬೀದಿ ದಾಟುವ ಮುನ್ನ ಹೊಗೆ ಬಾಂಬ್ ಹಾಕುವುದು, ಇಷ್ಟೇ ಪರಿಹಾರ.

ಕಂಪ್ಯೂಟರ್, ಇಂಟರ್ನೆಟ್, ಗಡಿಯಾರ

ಆರ್ಮಾ 3 ಹೊಸ ಗ್ರಾಫಿಕ್ಸ್ ಕಾರ್ಡಿಗೂ ಮಣಿಯುವುದಿಲ್ಲ. ಅದರ ಭಾರ ಹೆಚ್ಚಾಗಿ ಪ್ರೊಸೆಸರ್‌ನ ಒಂದೇ ಕೋರ್ ಮೇಲೆ ಬೀಳುತ್ತದೆ. ವ್ಯೂ ಡಿಸ್ಟೆನ್ಸ್ 1600ರಿಂದ 2500 ಮೀಟರ್, ಆಬ್ಜೆಕ್ಟ್ ದೂರ ಅದಕ್ಕಿಂತ ಕಡಿಮೆ ಇಟ್ಟರೆ ಮೊದಲ ಫಲ ಕಾಣುತ್ತದೆ. ಗ್ರಾಫಿಕ್ಸ್ ಕಡಿಮೆ ಮಾಡಿದರೂ ಎಫ್‌ಪಿಎಸ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಏರದಿದ್ದರೆ ತೊಂದರೆ ಹೆಚ್ಚಾಗಿ ಪ್ರೊಸೆಸರ್‌ನದು ಅಥವಾ ಸರ್ವರ್‌ನಲ್ಲಿರುವ ಬಾಟ್‌ಗಳ ಸಂಖ್ಯೆಯದು. ದೊಡ್ಡ ಕ್ಯಾಶ್ ಇರುವ ರೈಜೆನ್ ಎಕ್ಸ್3ಡಿ ಪ್ರೊಸೆಸರ್‌ಗಳು ಇಲ್ಲಿ ಎದ್ದು ಕಾಣುವಷ್ಟು ಸಹಾಯ ಮಾಡುತ್ತವೆ. ಸ್ಕ್ವಾಡ್‌ಗೆ 16 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಇಲ್ಲದೆ ಕೈ ಹಾಕಬೇಡಿ. ಹಳೆಯ ಲ್ಯಾಪ್‌ಟಾಪ್ ಇದ್ದರೆ ಸ್ಯಾಂಡ್‌ಸ್ಟಾರ್ಮ್ ಒಂದೇ ಸುರಕ್ಷಿತ ಆಯ್ಕೆ.

ಬೆಂಗಳೂರು, ಮೈಸೂರು, ಮಂಗಳೂರಿನಿಂದ ಆಡುವವರು ದೊಡ್ಡ ಪಂದ್ಯಗಳಿಗೆ ಹೆಚ್ಚಾಗಿ ಸಿಂಗಾಪುರದ ಸರ್ವರ್‌ಗಳನ್ನು ನೆಚ್ಚಿಕೊಳ್ಳಬೇಕು. ಯೂರೋಪಿನವು ತುಂಬಿರುತ್ತವೆ, ಆದರೆ ಪಿಂಗ್ (ಸರ್ವರ್‌ಗೆ ಹೋಗಿ ಬರುವ ವಿಳಂಬ) 150 ಮಿಲಿಸೆಕೆಂಡಿನ ಆಸುಪಾಸು. ಸ್ಕ್ವಾಡ್, ಆರ್ಮಾಗಳಲ್ಲಿ ಅಷ್ಟು ಪಿಂಗ್ ಸಹಿಸಬಹುದು, ಏಕೆಂದರೆ ಹೋರಾಟ 100 ಮೀಟರ್ ಆಚೆಗೇ ಹೆಚ್ಚು. ಸ್ಯಾಂಡ್‌ಸ್ಟಾರ್ಮ್‌ನ ಆಟಗಾರ-ವಿರುದ್ಧ-ಆಟಗಾರ ಪಂದ್ಯದಲ್ಲಿ ಮೂಲೆ ತಿರುಗುವ ಮುಂಚೆಯೇ ಸತ್ತಿರುತ್ತೀರಿ. ಗಡಿಯಾರವನ್ನೂ ನೋಡಿ: ಸಿಂಗಾಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿನ ರಾತ್ರಿ ಎಂಟು ಎಂದರೆ ನಮ್ಮ ಸಂಜೆ ಐದೂವರೆ. ನಾವು ಊಟ ಮುಗಿಸಿ ಹತ್ತೂವರೆಗೆ ಕೂರುವಾಗ ಅಲ್ಲಿ ರಾತ್ರಿ ಒಂದು, ಸರ್ವರ್‌ಗಳು ಖಾಲಿಯಾಗತೊಡಗುತ್ತವೆ. "ಗೇಮ್ ಸತ್ತುಹೋಗಿದೆ, ಜನರೇ ಇಲ್ಲ" ಎಂಬ ಭಾರತೀಯ ರಿವ್ಯೂಗಳಲ್ಲಿ ಎಷ್ಟೋ ಈ ಹೊತ್ತಿನಲ್ಲಿ ಬರೆದವು. ವಾರದ ದಿನಗಳಲ್ಲಿ ತಡರಾತ್ರಿ ಮಾತ್ರ ಬಿಡುವಿರುವವರು ಕೋಆಪ್ ಇರುವ ಗೇಮ್ ಆರಿಸುವುದೇ ಜಾಣತನ. ಜರ್ಮನಿ, ಇಂಗ್ಲೆಂಡ್, ಅಮೆರಿಕದಲ್ಲಿರುವ ಕನ್ನಡಿಗರಿಗೆ ಈ ತೊಡಕಿಲ್ಲ.

ಪಟ್ಟಿಯ ಹೊರಗಿನ ಎರಡು ಹೆಸರು ಪದೇ ಪದೇ ಕೇಳಿಬರುತ್ತವೆ. ರೆಡಿ ಆರ್ ನಾಟ್ ಪೊಲೀಸ್ ಸ್ವಾಟ್ ತಂಡದ ಆಟ. ಐದು ಜನರ ಕೋಆಪ್‌ಗೆ ಅದ್ಭುತ, ಆದರೆ ಸೇನೆಯ ಆಟವಲ್ಲ. ಎಸ್ಕೇಪ್ ಫ್ರಮ್ ಟಾರ್ಕೋವ್‌ನಲ್ಲಿ ಬಂದೂಕುಗಳ ಬಿಡಿಭಾಗಗಳ ವಿವರ ಬೇರೆಲ್ಲೂ ಇಲ್ಲ. ಆದರೆ ಅದು ದೋಚಿ ಪಾರಾಗುವ ಆಟ. ಸತ್ತರೆ ಹೊತ್ತ ಸಾಮಾನಿನ ಬಹುಪಾಲು ಹೋಗುತ್ತದೆ, ಮತ್ತು ಚೀಟರ್‌ಗಳ ಬಗೆಗಿನ ದೂರು ಎಂದೂ ನಿಂತಿಲ್ಲ.

ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, ಆಟದ ಸಮಯ 2 ಗಂಟೆ ಮೀರದಿದ್ದರೆ ಹಣ ವಾಪಸ್ ಕೇಳಬಹುದು. ಆ ಎರಡು ಗಂಟೆಯನ್ನು ಲೆಕ್ಕ ಹಾಕಿ ಬಳಸಿ. ಟ್ಯುಟೋರಿಯಲ್ ವಿಡಿಯೋಗಳನ್ನು ಗೇಮ್ ತೆರೆಯದೆ ಹೊರಗೇ ನೋಡಿ ಮುಗಿಸಿ. ಮೊದಲ 15 ನಿಮಿಷ ಸೆಟ್ಟಿಂಗ್ಸ್ ಮತ್ತು ಮೈಕ್ ಪರೀಕ್ಷೆ. ನಂತರ ಶೂಟಿಂಗ್ ರೇಂಜ್‌ನಲ್ಲಿ 15 ನಿಮಿಷ, ಎಫ್‌ಪಿಎಸ್ ನೋಡಿಕೊಂಡು. ಉಳಿದ ಸಮಯ ತುಂಬಿದ ಸರ್ವರ್‌ನಲ್ಲಿ, ನೀವು ದಿನವೂ ಆಡಲಿರುವ ಹೊತ್ತಿನಲ್ಲೇ, ಏಕೆಂದರೆ ಖಾಲಿ ರೇಂಜ್‌ನಲ್ಲಿ 90 ತೋರಿಸಿದ ಎಫ್‌ಪಿಎಸ್ ನೂರು ಜನರ ನಡುವೆ 45ಕ್ಕೆ ಇಳಿಯಬಹುದು. ಲೋಡಿಂಗ್, ಕ್ಯೂನಲ್ಲಿ ಕಾಯುವುದೂ ಆಟದ ಸಮಯಕ್ಕೆ ಸೇರುತ್ತದೆ. ಒಂದೂಮುಕ್ಕಾಲು ಗಂಟೆಗೆ ಅಲಾರಂ ಇಟ್ಟುಕೊಂಡು ಆಡಿ.